ಕೊನೆಯ ವಾರದ ಹುಂಜ

ನಾನು ಮೊದಲ ಸಲ ಹಿಮ ನೋಡಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಇನ್ನೊಬ್ಬರ ಕೋಟು ತೊಟ್ಟುಕೊಂಡು. ಆ ಕೋಟಿನವರು ಆಗ ಬಹರೈನಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು.

ಊರು ಬಿಟ್ಟು ಬಂದಾಗಿನಿಂದ ನಾನು ದುಡಿದದ್ದು ಒಂದೇ ಮನೆತನದಲ್ಲಿ. ಇಬ್ಬರು ಅಣ್ಣತಮ್ಮಂದಿರು. ಮನಾಮದ ಹಳೆಯ ಸೂಕಿನ, ಅಂದರೆ ಪೇಟೆಯ, ಹಿಂದಿನ ಬೀದಿಯಲ್ಲಿ ಅವರದೊಂದು ಅಂಗಡಿ. ದೋಣಿಯ ಹಗ್ಗ, ಬಣ್ಣ, ಲಂಗರು, ಬಲೆಗೆ ಕಟ್ಟುವ ಸೀಸ, ಇಂಥವೆಲ್ಲ ಅಲ್ಲಿ ಸಿಗುತ್ತಿದ್ದವು. ಕೆಲಸಕ್ಕಿದ್ದ ನಾವೆಲ್ಲ ಅಣ್ಣನನ್ನು ದೊಡ್ಡ ಬಾಬಾ ಎಂದೂ ತಮ್ಮನನ್ನು ಚಿಕ್ಕ ಬಾಬಾ ಎಂದೂ ಕರೆಯುತ್ತಿದ್ದೆವು. ಉಳ್ಳಾಲದ ಕಡೆಯಿಂದ ಹೋದ ನನಗೆ ಹಗ್ಗ, ಬಲೆ ಹೊಸದಲ್ಲ. ಹಾಗಾಗಿ ಬೇಗ ಹೊಂದಿಕೊಂಡೆ. ಇಬ್ಬರಿಗೂ ವಯಸ್ಸಾಗಿ ಅಂಗಡಿ ಮುಚ್ಚಿದಾಗ, ದೊಡ್ಡ ಬಾಬಾ ನನ್ನನ್ನು ಬಿಡಲಿಲ್ಲ. "ಅಂಗಡಿ ಹೋಯಿತು, ಕಾರು ಇದೆಯಲ್ಲ" ಎಂದರು. ಅಂದಿನಿಂದ ನಾನು ಅವರ ಡ್ರೈವರು. ಅವರ ಮನೆ ಉಮ್ ಅಲ್ ಹಸ್ಸಮಿನಲ್ಲಿ, ತಮ್ಮನ ಮನೆ ಅಲ್ಲಿಂದ ಎರಡು ಗಲ್ಲಿ ಆಚೆ. ನಾನಿರುವುದು ಗುಫೂಲಿನ ಒಂದು ಫ್ಲ್ಯಾಟಿನಲ್ಲಿ.

ದೊಡ್ಡ ಬಾಬಾ ನನ್ನ ಹತ್ತಿರ ಮಾತಾಡುವುದು ಅರ್ಧ ಅರಬ್ಬಿ, ಅರ್ಧ ಹಿಂದಿ. ಅದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ತಲೆ ನರೆತ ಮೇಲೂ ಅವರಿಗೆ ನಾನು "ವಲದ್", ಅಂದರೆ ಹುಡುಗ. ಕಾರಿನಲ್ಲಿ ಅವರು ಯಾವತ್ತೂ ಹಿಂದೆ ಕೂತವರಲ್ಲ. ನನ್ನ ಪಕ್ಕದ ಸೀಟಿನಲ್ಲೇ ಕೂತು, ದಾರಿಯುದ್ದಕ್ಕೂ ಒಂದಲ್ಲ ಒಂದು ಕತೆ ಹೇಳುತ್ತಿದ್ದರು.

ಅವರ ಕತೆಗಳಲ್ಲಿ ಹೆಚ್ಚಿನವು ಶಿಕಾರಿಯವು. ಇಲ್ಲಿನ ಬೇಟೆಗಾರರು ಗಿಡುಗ ಸಾಕಿ ಮರುಭೂಮಿಗೆ ಹೋಗುತ್ತಾರೆ. ಈ ಅಣ್ಣತಮ್ಮಂದಿರದು ಬೇರೆಯೇ ಹುಚ್ಚು. ಪ್ರತಿ ಚಳಿಗಾಲ, ಬೇಟೆಯ ಕಾಲ ಮುಗಿಯಲು ಒಂದೇ ವಾರ ಉಳಿದಿರುವಾಗ, ಇಬ್ಬರೂ ಕಜಕಸ್ತಾನಕ್ಕೆ ಹೋಗಿ ಹಿಮದಲ್ಲಿ ಫೆಸೆಂಟ್ ಹೊಡೆಯುತ್ತಿದ್ದರು. ಫೆಸೆಂಟ್ ಎಂದರೆ ನಮ್ಮ ಕಾಡುಕೋಳಿಯ ದಾಯಾದಿಯಂಥ ಹಕ್ಕಿ. ಹುಂಜಕ್ಕೆ ತಾಮ್ರದ ಬಣ್ಣದ ಮೈ, ಹಸಿರು ಕೊರಳು, ಒಂದು ಮೊಳಕ್ಕೂ ಮಿಕ್ಕಿದ ಬಾಲ. ಹೇಂಟೆಯನ್ನು ಹೊಡೆಯುವಂತಿಲ್ಲ, ಹುಂಜವನ್ನು ಮಾತ್ರ.

"ಕೊನೆಯ ವಾರವೇ ಯಾಕೆ ಬಾಬಾ? ಮೊದಲೇ ಹೋದರೆ ಇಷ್ಟು ಚಳಿ ಇರುವುದಿಲ್ಲವಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಮೊದಲ ವಾರ ಸಿಗುವುದು ಮರಿಗಳು. ಅವು ತಾವಾಗಿಯೇ ಕೋವಿಯ ಬಾಯಿಗೆ ಬರುತ್ತವೆ. ಕೊನೆಯ ವಾರಕ್ಕೆ ಉಳಿಯುವುದು ಎಲ್ಲರ ಈಡು ಕೇಳಿ, ಎಲ್ಲರ ನಾಯಿಗೂ ಚಳ್ಳೆಹಣ್ಣು ತಿನ್ನಿಸಿ ಬದುಕಿದ ಹುಂಜ. ಅದನ್ನು ಹೊಡೆದರೆ ಹೊಡೆದ ಹಾಗೆ" ಎಂದಿದ್ದರು.

ಇಬ್ಬರಲ್ಲಿ ಗುರಿಕಾರ ತಮ್ಮನೇ. ಅಣ್ಣನಿಗೆ ಎಡಗಣ್ಣಿನ ದೃಷ್ಟಿ ಮಸುಕಾದ ಮೇಲೆ ತಮ್ಮ ಯಾವಾಗಲೂ ಅವರ ಎಡಕ್ಕೇ ನಡೆಯುತ್ತಿದ್ದರಂತೆ, ಅವರಿಗೆ ಕಾಣದ್ದನ್ನು ಹೇಳುವುದಕ್ಕೆ.

ಮೂರು ವರ್ಷದ ಹಿಂದೆ, ಹೊರಡಲು ತಿಂಗಳಿರುವಾಗ, ಚಿಕ್ಕ ಬಾಬಾರಿಗೆ ಲಕ್ವ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದುಹೋದವು. ಮಾತು ತೊದಲಿತು. ದಿನಾ ಸಂಜೆ ನಾನು ದೊಡ್ಡ ಬಾಬಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಸ್ವಲ್ಪ ಚೇತರಿಸಿಕೊಂಡಂತೆ ಕಂಡ ಒಂದು ಸಂಜೆ ಚಿಕ್ಕ ಬಾಬಾ ಅಣ್ಣನ ಕೈ ಹಿಡಿದು ಏನೋ ಹೇಳಿದರು. ಎರಡು ಮೂರು ಸಲ ಹೇಳಿದ ಮೇಲೆ ಅರ್ಥವಾಯಿತು. ನೀನು ಹೋಗು, ಒಂದು ಹುಂಜ ತಾ, ಸಾರು ಕುಡಿಯಬೇಕು.

"ನೀನಿಲ್ಲದೆ ನಾನೆಲ್ಲಿಗೆ ಹೋಗಲಿ? ನನ್ನ ಎಡಕ್ಕೆ ಯಾರಿದ್ದಾರೆ?" ಎಂದು ಅಣ್ಣ ಕೇಳಿದರು.

ಚಿಕ್ಕ ಬಾಬಾ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಎಡಗೈ ತೋರಿಸಿದರು.

ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ದೊಡ್ಡ ಬಾಬಾರ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದರು. ವಯಸ್ಸು ಎಪ್ಪತ್ತಾರು. ಮಕ್ಕಳು ಮೂವರೂ ಬೇಡವೆಂದರು. ಮುದುಕರು ಕೇಳಲಿಲ್ಲ. ಕೊನೆಗೆ ಹಿರಿಯ ಮಗ ನನ್ನನ್ನು ಅಡುಗೆಮನೆಯ ಹೊರಗೆ ಕರೆದು, "ನೀನಿದ್ದೀ ಎಂದು ಕಳಿಸುತ್ತಿದ್ದೇನೆ. ಏನಾದರೂ ಆದರೆ ಮೊದಲು ನನಗೆ ಫೋನ್ ಮಾಡು" ಎಂದ. ಚಿಕ್ಕ ಬಾಬಾರ ಹೆಂಡತಿ ಗಂಡನ ಕೋಟು, ಬೂಟು, ಉಣ್ಣೆಯ ಟೋಪಿ ತೆಗೆದುಕೊಟ್ಟರು. ಕೋಟು ನನಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಜೇಬಿನಲ್ಲಿ ಹಿಂದಿನ ವರ್ಷದ ನಾಲ್ಕು ಏಲಕ್ಕಿ ಇದ್ದವು. ಅವರಿಗೆ ಏಲಕ್ಕಿ ಜಗಿಯುವ ಅಭ್ಯಾಸ.

ದುಬೈಯಲ್ಲಿ ವಿಮಾನ ಬದಲಿಸಿ, ಇಳಿದ ಮೇಲೆ ಐದು ಗಂಟೆ ಜೀಪಿನಲ್ಲಿ ಕೂತು ನಾವು ಒಂದು ನದಿಯ ಬಯಲಿಗೆ ಹೋದೆವು. ನದಿ ಗಾಜಿನಂತೆ ಹೆಪ್ಪುಗಟ್ಟಿತ್ತು. ಎರಡೂ ದಡಕ್ಕೆ ಆಳೆತ್ತರದ ಜೊಂಡು, ಅದರಾಚೆ ಮುಳ್ಳಿನ ಪೊದೆ, ಅದರಾಚೆ ಕಣ್ಣು ಹೋದಷ್ಟೂ ಬಿಳಿ. ಉಳಿದುಕೊಳ್ಳಲು ಮರದ ಒಂದು ಮನೆ. ಆ ಮನೆಯವನೇ ನಮಗೆ ದಾರಿ ತೋರಿಸುವವನು. ಐವತ್ತರ ಆಸುಪಾಸಿನ ಕಜಕ್ ಮನುಷ್ಯ. ಅಣ್ಣತಮ್ಮಂದಿರ ಜೊತೆ ಹತ್ತು ಹದಿನೈದು ವರ್ಷ ತಿರುಗಿ ಅಷ್ಟಿಷ್ಟು ಅರಬ್ಬಿ ಕಲಿತಿದ್ದ. ನಾನು ಜೀಪಿನಿಂದ ಇಳಿದಾಗ ಕೋಟು ನೋಡಿ, ಚಿಕ್ಕ ಬಾಬಾ ಎಂದೇ ತಿಳಿದು ಕೈ ಚಾಚಿ ಓಡಿ ಬಂದ. ಹತ್ತಿರ ಬಂದ ಮೇಲೆ ಅವನ ಮುಖ ಇಳಿಯಿತು. ದೊಡ್ಡ ಬಾಬಾ ಎದೆಯ ಮೇಲೆ ಕೈಯಿಟ್ಟು, "ಕಾಯಿಲೆ. ವಾಸಿಯಾಗುತ್ತಿದೆ" ಎಂದರು.

ಅವನ ಹತ್ತಿರ ಕಂದು ಮಚ್ಚೆಯ ಒಂದು ನಾಯಿ ಇತ್ತು. ನಾಯಿಯ ಜೊಲ್ಲು ತಾಗಿದರೆ ಏಳು ಸಲ, ಅದರಲ್ಲೊಂದು ಸಲ ಮಣ್ಣಿನಿಂದ ತೊಳೆಯಬೇಕೆಂದು ಮದರಸದಲ್ಲಿ ಕಲಿತವನು ನಾನು. ಅದು ಬಂದು ಬೂಟು ಮೂಸಿದಾಗ ಕಲ್ಲಿನ ಹಾಗೆ ನಿಂತುಬಿಟ್ಟೆ. ಬಾಬಾ ನಕ್ಕರು. "ಹೆದರಬೇಡ ವಲದ್. ಅದಕ್ಕೆ ನೀನು ಬೇಡ, ಹುಂಜ ಬೇಕು."

ಮೊದಲ ದಿನ ಒಂದು ಹಕ್ಕಿಯೂ ಸಿಗಲಿಲ್ಲ. ಹಿಮದಲ್ಲಿ ನಡೆಯುವುದೆಂದರೆ ನಮ್ಮ ಕಡಲದಂಡೆಯ ಒಣ ಹೊಯಿಗೆಯಲ್ಲಿ ನಡೆದ ಹಾಗೆ, ಆದರೆ ಮೊಣಕಾಲಿನವರೆಗೆ ಹೂತುಹೋಗುವ ಹೊಯಿಗೆ. ಹತ್ತು ಹೆಜ್ಜೆಗೆ ಏದುಸಿರು. ಮೂಗಿನ ಕೂದಲು ಸೆಟೆದು ಚುಚ್ಚುತ್ತಿತ್ತು. ನಾಯಿಯ ಬೆರಳ ಸಂದಿಯಲ್ಲಿ ಹಿಮ ಉಂಡೆಗಟ್ಟಿ ಅದು ಕುಂಟತೊಡಗಿದಾಗ ಕಜಕ್ ಮನುಷ್ಯ ಕೈಗವಸು ತೆಗೆದು, ಪಂಜ ಬಾಯಿಯ ಹತ್ತಿರ ಹಿಡಿದು, ಊದಿ ಕರಗಿಸುತ್ತಿದ್ದ. ಹುಂಜಗಳ ಜಾಡು ಮಾತ್ರ ಎಲ್ಲೆಲ್ಲೂ ಇತ್ತು. ಒಂದರ ಮುಂದೊಂದು ಇಟ್ಟ ಮೂರು ಬೆರಳಿನ ಹೆಜ್ಜೆ, ಅಲ್ಲಲ್ಲಿ ಬಾಲ ಎಳೆದ ಗೆರೆ. ಆದರೆ ಅವು ಹಾರುವುದಿಲ್ಲ. ಜೊಂಡಿನೊಳಗೆ ಓಡುತ್ತವೆ. ನಾವು ಈ ಕೊನೆಯಿಂದ ಹೊಕ್ಕರೆ ಆ ಕೊನೆಯಲ್ಲಿ, ಕೋವಿಗೆ ಸಿಗದಷ್ಟು ದೂರದಲ್ಲಿ, ಕೇಕೆ ಹಾಕಿ ಏಳುತ್ತವೆ. ಬಾಬಾ ಎರಡು ಈಡು ಹೊಡೆದರು. ಎರಡೂ ಗಾಳಿಗೆ ಹೋದವು. ಅವರಿಗೆ ಬೇಸರವೇ ಆಗಲಿಲ್ಲ. "ನೋಡಿದೆಯಾ? ಕೊನೆಯ ವಾರದ ಹುಂಜ!" ಎಂದು, ಸ್ವಂತ ಮಗನ ಜಾಣತನ ಹೇಳಿಕೊಳ್ಳುವವರ ಹಾಗೆ ಹೇಳಿದರು.

ಎರಡನೆಯ ದಿನ ಬೆಳಿಗ್ಗೆ ಏಳು ಗಂಟೆ. ಬಾಬಾ ಒಳಗೆ ಬೂಟು ಹಾಕಿಕೊಳ್ಳುತ್ತಿದ್ದರು. ನಾನು ಅಂಗಳದಲ್ಲಿ ಜೀಪಿನ ಬಾನೆಟ್ಟಿನ ಮೇಲೆ ಫ್ಲಾಸ್ಕ್ ಇಟ್ಟು ಚಹಾ ತುಂಬಿಸುತ್ತಿದ್ದೆ. ಫೋನ್ ಬಂತು. ಹಿರಿಯ ಮಗ.

"ಅಪ್ಪ ಹತ್ತಿರ ಇದ್ದಾರಾ?"

"ಒಳಗಿದ್ದಾರೆ ಸರ್."

"ಸ್ವಲ್ಪ ದೂರ ಹೋಗು." ನಾನು ಗೇಟಿನವರೆಗೆ ನಡೆದೆ. "ಚಿಕ್ಕಪ್ಪ ಹೋದರು. ಈಗಷ್ಟೇ, ಬೆಳಗಿನ ಸುಬಹಿ ಬಾಂಗಿನ ಹೊತ್ತಿಗೆ."

ಸಾವಿನ ಸುದ್ದಿಗೆ ಹೇಳುವ ಇನ್ನಾಲಿಲ್ಲಾಹಿ ಹೇಳಿದೆ.

"ಕೇಳು. ಅಪ್ಪನಿಗೆ ಹೇಳಬೇಡ. ಅಲ್ಲಿ ಡಾಕ್ಟರಿಲ್ಲ, ಆಸ್ಪತ್ರೆ ಇಲ್ಲ. ಅವರ ಎದೆ ತಡೆಯುವುದಿಲ್ಲ. ನಿಮ್ಮ ವಿಮಾನ ಹೇಗೂ ನಾಳೆ ಬೆಳಿಗ್ಗೆ. ಇವತ್ತು ಹೊರಟರೂ ದಫನಕ್ಕೆ ಮುಟ್ಟಲಿಕ್ಕಾಗುವುದಿಲ್ಲ. ಲುಹರ್ ನಮಾಝ್ ಆದ ಮೇಲೆ ಮಣ್ಣು ಮಾಡುತ್ತೇವೆ. ನೀವು ಇಳಿದ ಮೇಲೆ ನಾನೇ ಹೇಳುತ್ತೇನೆ. ಅರ್ಥ ಆಯಿತಾ?"

"ಸರ್, ಅವರಿಗೆ ತಿಳಿದರೆ..."

"ನನ್ನ ಅಪ್ಪ. ಜವಾಬ್ದಾರಿ ನನ್ನದು."

ಫೋನ್ ಇಟ್ಟ. ಬಹರೈನಿಗಿಂತ ನಾವಿದ್ದ ಕಡೆ ಎರಡು ಗಂಟೆ ಮುಂದೆ; ಅಲ್ಲಿ ಮಧ್ಯಾಹ್ನದ ಲುಹರ್ ಮುಗಿಯುವ ಹೊತ್ತಿಗೆ ನಮಗೆ ಎರಡು ಗಂಟೆ. ನಾನು ಲೆಕ್ಕ ಹಾಕಿಕೊಂಡು ಅಲ್ಲೇ ನಿಂತಿದ್ದೆ.

ಇದನ್ನೂ ಬರೆಯಬೇಕು. ನಾನು ಅಂಗಡಿಗೆ ಸೇರಿ ಮೂರು ವರ್ಷವಾಗಿರಲಿಲ್ಲ, ಊರಿನಲ್ಲಿ ನನ್ನ ಉಮ್ಮ ತೀರಿಕೊಂಡರು. ಆಗ ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಸುದ್ದಿ ಬಂದದ್ದು ಅಂಗಡಿಯ ಫೋನಿಗೆ. ಅಲ್ಲಿದ್ದ ನಮ್ಮೂರಿನವರೆಲ್ಲ, ಸೀರಿಯಸ್ ಎಂದಷ್ಟೇ ಹೇಳಿ ವಿಮಾನ ಹತ್ತಿಸಿಬಿಡೋಣ, ಊರಿಗೆ ಹೋದ ಮೇಲೆ ತಿಳಿಯಲಿ ಎಂದರಂತೆ. ಗಲ್ಫಿನಲ್ಲಿ ಸಾವಿನ ಸುದ್ದಿ ಹೆಚ್ಚಾಗಿ ಹೀಗೇ ಮುಟ್ಟುತ್ತದೆ. ಚಿಕ್ಕ ಬಾಬಾ ಒಪ್ಪಲಿಲ್ಲ. ಅಂಗಡಿಯ ಶಟರ್ ಎಳೆದು, ನನ್ನನ್ನು ಒಂದು ಬಣ್ಣದ ಡ್ರಮ್ಮಿನ ಮೇಲೆ ಕೂರಿಸಿ, ಎದುರು ತಾವೂ ಕೂತು, "ನಿನ್ನ ತಾಯಿ ಹೋದರು ಮಗಾ. ಬೆಳಿಗ್ಗೆ ಹೋದರು" ಎಂದರು. ನಾನು ಅಳುವಷ್ಟು ಹೊತ್ತೂ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದರು. ಯಾರು ಬಾಗಿಲು ತಟ್ಟಿದರೂ ಏಳಲಿಲ್ಲ.

ಆ ಮನುಷ್ಯ ಸತ್ತ ಸುದ್ದಿಯನ್ನು, ಅವರದೇ ಕೋಟು ತೊಟ್ಟುಕೊಂಡು, ಅವರ ಅಣ್ಣನಿಂದ ನಾನು ಮುಚ್ಚಿಟ್ಟೆ.

"ಯಾರ ಫೋನು?" ಎಂದು ಬಾಬಾ ಹೊರಗೆ ಬರುತ್ತ ಕೇಳಿದರು.

"ನಿಮ್ಮ ಮಗ. ಚಳಿ ಹೇಗಿದೆ ಎಂದು ಕೇಳಿದರು."

"ತಮ್ಮ ಹೇಗಿದ್ದಾನಂತೆ?"

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. "ಹಾಗೇ ಇದ್ದಾರಂತೆ."

ಆ ದಿನ ಗಾಳಿ ಇರಲಿಲ್ಲ. ರಾತ್ರಿ ಬಿದ್ದ ಹೊಸ ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಬೇಟೆಗೆ ಇಂಥ ದಿನ ಸಿಗುವುದಿಲ್ಲ ಎಂದು ಕಜಕ್ ಮನುಷ್ಯ ಖುಷಿಯಲ್ಲಿದ್ದ. ಟ್ರ್ಯಾಕ್ಟರಿಗೆ ಒಂದು ತೆರೆದ ಗಾಡಿ ಕಟ್ಟಿ, ಹುಲ್ಲು ಹಾಸಿ, ನಮ್ಮನ್ನು ಕೂರಿಸಿಕೊಂಡು ನದಿಯ ತಿರುವಿನವರೆಗೆ ಕರೆದುಕೊಂಡು ಹೋದ. ಅಲ್ಲಿಂದ ನಡಿಗೆ. ಬಾಬಾ ನಡುವೆ, ಕಜಕ್ ಮನುಷ್ಯ ಮತ್ತು ನಾಯಿ ಮುಂದೆ, ನಾನು ಎಡಕ್ಕೆ.

ನನಗೆ ಹೆಜ್ಜೆಯ ಮೇಲೆ ಗಮನವಿರಲಿಲ್ಲ. ಎರಡು ಸಲ ಮುಗ್ಗರಿಸಿದೆ. ಒಂದು ಹುಂಜ ನನ್ನ ಕಾಲಿನ ಹತ್ತಿರವೇ, ಹಿಮದೊಳಗಿನ ಗೂಡಿನಂಥ ಗುಂಡಿಯಿಂದ ಪಟಾಕಿ ಸಿಡಿದ ಹಾಗೆ ಎದ್ದು ಎಡಕ್ಕೆ ಹಾರಿತು. ಬಾಬಾರಿಗೆ ಅದು ಕಾಣಲಿಲ್ಲ. "ಎಡಕ್ಕೆ!" ಎಂದು ನಾನು ಕೂಗಬೇಕಿತ್ತು. ಬಾಯಿ ತೆರೆದೆ, ಸ್ವರ ಬರಲಿಲ್ಲ.

"ತಮ್ಮ ಇದ್ದಿದ್ದರೆ ಅದು ಇಷ್ಟು ಹೊತ್ತಿಗೆ ಚೀಲದಲ್ಲಿರುತ್ತಿತ್ತು. ನಿನ್ನ ಮನಸ್ಸು ಎಲ್ಲಿದೆ ವಲದ್?" ಎಂದರು ಬಾಬಾ. ಗದರಿಸಲಿಲ್ಲ, ಸುಮ್ಮನೆ ಕೇಳಿದರು.

"ಚಳಿ ಬಾಬಾ."

ಒಂದೂವರೆಯ ಹೊತ್ತಿಗೆ ನಾಯಿ ಒಂದು ಮುಳ್ಳುಪೊದೆಯ ಮುಂದೆ ಒಂದು ಕಾಲೆತ್ತಿ ನಿಂತುಬಿಟ್ಟಿತು. ಬಾಲ ಕೂಡ ಅಲ್ಲಾಡಲಿಲ್ಲ. ಪೊದೆಯ ಒಳಕ್ಕೆ ಹೋದ ಹೆಜ್ಜೆಗಳಿದ್ದವು, ಹೊರಗೆ ಬಂದ ಹೆಜ್ಜೆಗಳಿರಲಿಲ್ಲ. ಹಿಂದುಗಡೆ ನದಿಯ ಬರಿಯ ಮಂಜುಗಡ್ಡೆ, ಓಡಲು ಮರೆಯಿಲ್ಲ. ಕಜಕ್ ಮನುಷ್ಯ ಕೈ ಎತ್ತಿ ಬಾಬಾರನ್ನು ನಿಲ್ಲಿಸಿ, ತಾನು ಸುತ್ತಿಬಳಸಿ ಹೋಗಿ ಪೊದೆಗೆ ಕೋಲಿನಿಂದ ಬಡಿದ. ಹುಂಜ ನೆಟ್ಟಗೆ ಮೇಲಕ್ಕೆದ್ದಿತು. ಆ ಬಿಳಿಯಲ್ಲಿ ಅದರ ಮೈ ಬೆಂಕಿಯಂತೆ ಕಂಡಿತು. ಬಾಬಾರ ಮೊದಲ ಈಡು ತಪ್ಪಿತು. ಎರಡನೆಯ ಈಡಿಗೆ ಅದು ಗಾಳಿಯಲ್ಲೇ ಮಡಚಿಕೊಂಡು ನದಿಯ ಮೇಲೆ ಬಿತ್ತು. ಆದರೆ ಸಾಯಲಿಲ್ಲ. ಒಂದು ರೆಕ್ಕೆ ಎಳೆದುಕೊಂಡು ಮಂಜುಗಡ್ಡೆಯ ಮೇಲೆ ಓಡಿ ಆಚೆ ದಡದ ಜೊಂಡು ಹೊಕ್ಕಿತು. ನಾಯಿ ಹಿಂದೆಯೇ ಹೋಯಿತು. ಬಹಳ ಹೊತ್ತು ಜೊಂಡು ಅಲ್ಲಾಡಿತು, ಆಮೇಲೆ ಅದೂ ನಿಂತಿತು. ಬಾಬಾ ಕೋವಿ ಹಿಡಿದುಕೊಂಡೇ ತುಟಿ ಅಲ್ಲಾಡಿಸುತ್ತಿದ್ದರು. ನಾಯಿ ಹೊರಬಂದಾಗ ಬಾಯಿಯಲ್ಲಿ ಹುಂಜ ಇತ್ತು. ಇನ್ನೂ ಜೀವವಿತ್ತು, ಕೊಯ್ದರೆ ಹಲಾಲ್.

ಬಾಬಾರ ಬೆರಳು ಮರಗಟ್ಟಿದ್ದವು. ಕತ್ತಿಯನ್ನು ನನಗೆ ಕೊಟ್ಟರು. ನಾನು ಬಿಸ್ಮಿ ಹೇಳಿ ಕೊಯ್ದೆ. ರಕ್ತ ಹಿಮದ ಮೇಲೆ ಬಿದ್ದು ಸಣ್ಣ ಸಣ್ಣ ತೂತು ಮಾಡಿ ಒಳಗೆ ಇಳಿಯಿತು. ನಾನು ಕತ್ತಿ ಒರೆಸುವುದನ್ನೂ ಮರೆತು ನಿಂತದ್ದನ್ನು ನೋಡಿ ಅವರು, "ಮೊದಲ ಸಲ ಎಲ್ಲರಿಗೂ ಹೀಗೇ" ಎಂದರು.

ಹಳೆಯ ಹುಂಜ. ಕಾಲಿನ ಹಿಂದಿನ ಮುಳ್ಳು ಅರ್ಧ ಬೆರಳುದ್ದ, ಚೂಪಾಗಿತ್ತು. ಬಾಬಾ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಟ್ರ್ಯಾಕ್ಟರಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು, ಹುಂಜವನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ನಾನು ಚಹಾ ಬಗ್ಗಿಸಿಕೊಟ್ಟೆ. ಅವರು ನಗತೊಡಗಿದರು.

"ಅವನು ನಂಬುವುದಿಲ್ಲ ನೋಡು. ಕುಂಟ ಹುಂಜ ಇರಬೇಕು, ಇಲ್ಲಾ ನಾಯಿಯೇ ಹಿಡಿದುಕೊಟ್ಟಿರಬೇಕು ಎನ್ನುತ್ತಾನೆ. ಒಂದು ಸಲ ಏನಾಯಿತು ಗೊತ್ತಾ..." ಎಂದು ಚಿಕ್ಕ ಬಾಬಾ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು, ಬಿದ್ದಲ್ಲಿಂದಲೇ ಹುಂಜ ಹೊಡೆದ ಕತೆ ಶುರುಮಾಡಿದರು. ಕಜಕ್ ಮನುಷ್ಯನೂ ಆ ದಿನ ಅಲ್ಲಿದ್ದವನು, ಅವನು ಬೀಳುವುದನ್ನು ಅಭಿನಯಿಸಿ ತೋರಿಸಿದ. ಬಾಬಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾನು ಗಡಿಯಾರ ನೋಡಿದೆ. ಎರಡು ಗಂಟೆ ಐದು ನಿಮಿಷ. ಮುಖ ಓರೆ ಮಾಡಿ ನಿಂತು, ಸತ್ತವರಿಗಾಗಿ ಫಾತಿಹಾ ಓದತೊಡಗಿದೆ.

"ಏನದು ತುಟಿಯಲ್ಲಿ?"

"ದಿಕ್ರ್ ಬಾಬಾ" ಎಂದೆ, ಅಂದರೆ ದೇವರ ಸ್ಮರಣೆ.

"ಒಳ್ಳೆಯದು. ಮುಗಿಸಿ ಅವನ ಹೆಂಡತಿಗೆ ಫೋನ್ ಹಚ್ಚು. ಅವನ ಕಿವಿಗೆ ಹಿಡಿಯಲಿ. ಎರಡೇ ಮಾತು ಹೇಳುತ್ತೇನೆ."

ನಾನು ಫೋನ್ ತೆಗೆದೆ. ಸಿಗ್ನಲಿನ ಎರಡು ಗೆರೆ ಇದ್ದವು. ಕೈ ಮೇಲೆತ್ತಿ, ಆ ಕಡೆ ಈ ಕಡೆ ತಿರುಗಿಸಿ, ನಾಟಕ ಮಾಡಿದೆ. "ಸಿಗ್ನಲ್ ಇಲ್ಲ ಬಾಬಾ" ಎಂದೆ.

"ಹೋಗಲಿ. ನಾಳೆ ಹೇಗೂ ಅವನ ಮುಂದೆಯೇ ಇಡುತ್ತೇನಲ್ಲ" ಎಂದು ಹುಂಜದ ಬಾಲವನ್ನು ಮುರಿಯದ ಹಾಗೆ ನೇರ ಮಾಡಿ ಹುಲ್ಲಿನ ಮೇಲಿಟ್ಟರು.

ಸಂಜೆ ಹುಂಜವನ್ನು ಸುಲಿದು, ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಹಿಮ ತುಂಬಿಸಿ ಇಟ್ಟೆವು. ಬಾಲದ ಗರಿಗಳನ್ನು ಬಾಬಾ ತಾವೇ ಕಾಗದದಲ್ಲಿ ಸುತ್ತಿಕೊಂಡರು. ಮರುದಿನ ವಿಮಾನದಲ್ಲಿ ಅವರು ಚೆನ್ನಾಗಿ ನಿದ್ದೆ ಮಾಡಿದರು. ನಾನು ಮಾಡಲಿಲ್ಲ.

ಬಹರೈನಿನಲ್ಲಿ ಇಳಿದು ಹೊರಬಂದಾಗ ಮೂವರು ಮಕ್ಕಳೂ ಸಾಲಾಗಿ ನಿಂತಿದ್ದರು. ಯಾವತ್ತೂ ಹಾಗೆ ಮೂವರೂ ಬಂದವರಲ್ಲ. ಬಾಬಾ ನಡೆಯುತ್ತಿದ್ದವರು ನಿಂತುಬಿಟ್ಟರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಹಿರಿಯ ಮಗ ಬಾಯಿ ತೆರೆಯುವ ಮೊದಲೇ, "ಯಾವಾಗ?" ಎಂದರು.

"ನಿನ್ನೆ. ಸುಬಹಿಯ ಹೊತ್ತಿಗೆ."

"ಮಣ್ಣು?"

"ಲುಹರ್ ಆದ ಮೇಲೆ."

ಅವರು ಬೀಳಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಮಗ ತೋಳು ಹಿಡಿಯಲು ಬಂದದ್ದನ್ನು ಬಿಡಿಸಿಕೊಂಡರು. ಆಮೇಲೆ ಟ್ರಾಲಿ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, ನನ್ನ ಮುಖವನ್ನಲ್ಲ, ನಾನು ತೊಟ್ಟಿದ್ದ ಕೋಟನ್ನು ನೋಡಿದರು. ಬಹರೈನಿನ ಬಿಸಿಲಿಗೆ ಅದನ್ನು ತೆಗೆಯಬೇಕೆಂಬುದೂ ನನಗೆ ಹೊಳೆದಿರಲಿಲ್ಲ.

"ನಿನಗೆ ಗೊತ್ತಿತ್ತಾ?"

ಹಿರಿಯ ಮಗ ನಡುವೆ ಬಂದು, "ಅಪ್ಪ, ನಾನೇ ಅವನಿಗೆ..." ಎಂದ.

"ನಿನ್ನನ್ನು ಕೇಳಲಿಲ್ಲ."

"ಗೊತ್ತಿತ್ತು ಬಾಬಾ. ಬೆಳಿಗ್ಗೆಯೇ" ಎಂದೆ.

ಅವರು ಬೆನ್ನು ತಿರುಗಿಸಿದರು. ಮಗನ ಕಾರಿನಲ್ಲಿ ಕೂತು ನೇರ ಕಬರಸ್ಥಾನಕ್ಕೆ ಹೋದರು. ನಾನು ಸಾಮಾನಿನ ಜೊತೆ ಹಿಂದಿನಿಂದ ಹೋಗಿ ಗೇಟಿನ ಹೊರಗೆ ನಿಂತೆ. ಹೊಸ ಮಣ್ಣಿನ ದಿಬ್ಬದ ಹತ್ತಿರ ಅವರು ಕೂತಿದ್ದುದು ಅಲ್ಲಿಂದ ಕಾಣುತ್ತಿತ್ತು. ಬೆನ್ನು ಮಾತ್ರ.

ಆ ಸಂಜೆ ಪೆಟ್ಟಿಗೆಯನ್ನು ಏನು ಮಾಡುವುದೆಂದು ತಿಳಿಯದೆ ಚಿಕ್ಕ ಬಾಬಾರ ಮನೆಯ ಹಿಂಬಾಗಿಲಿಗೆ ಹೋದೆ. ಕೋಟು, ಬೂಟು, ಟೋಪಿ ಮರಳಿಸಬೇಕಿತ್ತು. ಅವರ ಹೆಂಡತಿಯನ್ನು ನಾನು ಮಾಮಾ ಎನ್ನುತ್ತೇನೆ, ಇಲ್ಲಿ ಮನೆಯೊಡತಿಯನ್ನು ಹಾಗೆ ಕರೆಯುವುದು ರೂಢಿ. ಗಂಡ ಸತ್ತವರು ಪಾಲಿಸುವ ಇದ್ದತ್ತಿನಲ್ಲಿದ್ದ ಅವರು ಬಾಗಿಲ ಮರೆಯಲ್ಲೇ ನಿಂತು, ಕೆಲಸದ ಹೆಂಗಸಿನ ಕೈಯಲ್ಲಿ ಎಲ್ಲವನ್ನೂ ತೆಗೆಸಿಕೊಂಡರು.

"ಪೆಟ್ಟಿಗೆಯಲ್ಲಿ ಏನು?"

"ಹುಂಜ, ಮಾಮಾ. ದೊಡ್ಡ ಬಾಬಾ ಹೊಡೆದದ್ದು."

ಒಳಗೆ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಆಮೇಲೆ, "ಅವರು ಮೊನ್ನೆ ಕೂಡ ಕೇಳಿದರು, ಅಣ್ಣ ಬಂದನಾ ಎಂದು" ಎಂದರು. ಅವರು ಅಳುತ್ತಿದ್ದರು. ಆ ಹುಂಜ ಅವರ ಫ್ರೀಜರಿನಲ್ಲೇ ಉಳಿಯಿತು. ರಂಝಾನಿನಲ್ಲಿ ಒಂದು ದಿನ ಅದನ್ನು ಗೋಧಿಯ ಜೊತೆ ಬೇಯಿಸಿ ಹರೀಸ್ ಮಾಡಿ, ಒಂದು ಬೋಗುಣಿ ಭಾವನಿಗೆ ಕಳಿಸಿದರು. ದೊಡ್ಡ ಬಾಬಾ ಉಪವಾಸ ಬಿಟ್ಟು ಅದನ್ನೇ ಉಂಡರಂತೆ, ಯಾರ ಹತ್ತಿರವೂ ಮಾತಾಡದೆ, ಬೋಗುಣಿ ಖಾಲಿಯಾಗುವವರೆಗೆ. ಅವರ ಮನೆಯ ಅಡುಗೆಯವನು ನನಗೆ ಹೇಳಿದ್ದು.

ಮೂರು ದಿನದ ಶೋಕ ಕಳೆದು ನಾನು ಕೆಲಸಕ್ಕೆ ಹೋದೆ. ಬಿಡಿಸಿಬಿಡುತ್ತಾರೆ ಎಂದುಕೊಂಡಿದ್ದೆ, ಬಿಡಿಸಲಿಲ್ಲ. ಬಾಬಾ ಬಂದು ಹಿಂದಿನ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕೂತರು. ನಾನು ಕನ್ನಡಿಯಲ್ಲಿ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಅಂದಿನಿಂದ ತಿಂಗಳುಗಟ್ಟಲೆ ಆಡಿದ್ದು ಮೂರೇ ಮಾತು. ತಿರುಗಿಸು, ನಿಲ್ಲಿಸು, ನಡೆ.

ನನ್ನ ಜೊತೆ ಕೋಣೆಯಲ್ಲಿರುವವನು ಕುಂದಾಪುರದ ಕಡೆಯವನು, ಸಿತ್ರಾದಲ್ಲಿ ಪಾಳಿಯ ಕೆಲಸ. ಒಂದು ರಜಾದಿನ ಅನ್ನಕ್ಕೆ ಇಡುತ್ತ ಅವನಿಗೆ ಎಲ್ಲ ಹೇಳಿದೆ.

"ಎಂತ ಮಾರಾಯ, ಅದ್ರಲ್ಲಿ ನಿಂದೆಂತ ತಪ್ಪುಂಟು?" ಎಂದ. "ಮಗನೇ ಹೇಳ್ಬೇಡ ಅಂದ ಮೇಲೆ ಮುಗೀತಲ್ಲ. ನೀ ಹೇಳಿ, ಆ ಮುದುಕ ಅಲ್ಲೇ ಬಿದ್ದಿದ್ರೆ ಯಾರು ನೋಡ್ಲಿಕ್ಕಿತ್ತು? ಕೆಲ್ಸದವ್ರು ನಾವು."

"ಫೋನ್ ಹಚ್ಚು ಅಂದ್ರು. ಸಿಗ್ನಲ್ ಇಲ್ಲ ಅಂದೆ. ಇತ್ತು ಮಾರಾಯ."

ಅವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ. "ಅದೊಂದು ಬೇಡಿತ್ತು" ಎಂದ.

ಶುಕ್ರವಾರಗಳಂದು ಜುಮಾ ಮುಗಿಸಿ ಬಾಬಾ ತಮ್ಮನ ಕಬರಿಗೆ ಹೋಗುತ್ತಾರೆ. ಆ ವರ್ಷದ ಸೆಕೆಗಾಲದ ಒಂದು ಶುಕ್ರವಾರ ಬೇಗ ಮರಳಿ ಬಂದರು. ಕಾರು ಸ್ಟಾರ್ಟ್ ಮಾಡಲು ಹೋದೆ.

"ಬೇಡ. ಆ ದಿನದ್ದು ಹೇಳು" ಎಂದರು ಹಿಂದಿನಿಂದ. "ಬೆಳಿಗ್ಗೆಯಿಂದ. ಒಂದೂ ಬಿಡದೆ."

ನಾನು ಹೇಳಿದೆ. ಗೇಟಿನ ಹತ್ತಿರ ಬಂದ ಫೋನು, ಮಗ ಆಡಿದ ಮಾತು. ನನ್ನ ಕಾಲಿನ ಬಳಿ ಎದ್ದ ಹುಂಜ, ಹೊರಡದ ಸ್ವರ. ಅವರು ನಡುವೆ ಒಮ್ಮೆ ಮಾತ್ರ ತಡೆದರು.

"ಅವನನ್ನು ಮಣ್ಣಿಗೆ ಇಳಿಸುವಾಗ ಎಷ್ಟು ಗಂಟೆ?"

"ನಾವಿದ್ದ ಕಡೆಯ ಲೆಕ್ಕದಲ್ಲಿ ಎರಡು."

"ಆಗ ನಾನು ಏನು ಮಾಡುತ್ತಿದ್ದೆ?"

ಸುಳ್ಳು ಹೇಳಬಹುದಿತ್ತು. ನಮಾಝ್ ಮಾಡುತ್ತಿದ್ದಿರಿ ಎನ್ನಬಹುದಿತ್ತು. "ಗಾಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಿರಿ ಬಾಬಾ. ಅವರು ಜಾರಿ ಬಿದ್ದ ಕತೆ ಹೇಳಿ ನಗುತ್ತಿದ್ದಿರಿ."

"ನಗುತ್ತಿದ್ದೆ."

"ಹೌದು."

"ನೀನು ನೋಡುತ್ತಿದ್ದೆ."

"ಹೌದು ಬಾಬಾ. ಆಮೇಲೆ ಫೋನ್ ಹಚ್ಚು ಎಂದಿರಿ. ಸಿಗ್ನಲ್ ಇಲ್ಲ ಎಂದೆ. ಸಿಗ್ನಲ್ ಇತ್ತು."

ಕನ್ನಡಿಯಲ್ಲಿ ನೋಡಲು ನನಗೆ ಧೈರ್ಯವಾಗಲಿಲ್ಲ.

"ಮುಟ್ಟಲಿಕ್ಕೆ ಆಗುತ್ತಿರಲಿಲ್ಲ, ಅದು ನನಗೂ ಗೊತ್ತು" ಎಂದರು ಕೊನೆಗೆ. "ಆದರೆ ಅಲ್ಲೇ ಹಿಮದಲ್ಲಿ ನಿಂತು ಅವನಿಗೆ ನಮಾಝ್ ಮಾಡುತ್ತಿದ್ದೆ. ನೀನು ನನ್ನ ಹಿಂದೆ ನಿಲ್ಲುತ್ತಿದ್ದೆ. ಅವನು ಕೂಡ ಓಡಾಡಿದ ಜಾಗ ಅದು. ಅಷ್ಟಾದರೂ ಆಗುತ್ತಿತ್ತು."

"ಹೇಳಬಹುದಿತ್ತು ಬಾಬಾ."

"ಹೌದು. ಹೇಳಬಹುದಿತ್ತು."

"ಸಾಮಿಹ್ನಿ ಬಾಬಾ" ಎಂದೆ. ನನ್ನನ್ನು ಕ್ಷಮಿಸಿ ಎಂದು.

"ಅಲ್ಲಾಹ್ ಯಸಾಮಿಹ್" ಎಂದರು. ಅಲ್ಲಾಹು ಕ್ಷಮಿಸಲಿ. ಇಲ್ಲಿ ಎಲ್ಲರೂ ಹಾಗೆಯೇ ಹೇಳುವುದು, ಕಾಲು ತುಳಿದವನಿಗೂ ಅದೇ ಮಾತು. ಆದರೆ ತಾನು ಕ್ಷಮಿಸಿದೆ ಎನ್ನುವುದಕ್ಕೆ ಅರಬ್ಬಿಯಲ್ಲಿ ಬೇರೆ ಮಾತಿದೆ. ಅದು ನನಗೆ ಗೊತ್ತಾಗುವಷ್ಟು ವರ್ಷ ನಾನು ಇಲ್ಲಿದ್ದೇನೆ.

ಅವರು ಬೇಟೆಯನ್ನು ಬಿಟ್ಟರು. ಕೋವಿಗಳನ್ನು ಲೈಸೆನ್ಸಿನ ಸಮೇತ ಗೆಳೆಯರೊಬ್ಬರ ಹೆಸರಿಗೆ ಮಾಡಿಕೊಟ್ಟರು. ಕಜಕ್ ಮನುಷ್ಯ ಪ್ರತಿವರ್ಷ ಆ ಹೊತ್ತಿಗೆ ಹಿಮದ ಫೋಟೋ ಕಳಿಸುತ್ತಾನೆ. ನಾನು ಅವನ್ನು ಬಾಬಾರಿಗೆ ತೋರಿಸುತ್ತೇನೆ, ಅವರು ನೋಡಿ ಫೋನ್ ಹಿಂದಕ್ಕೆ ಕೊಡುತ್ತಾರೆ. ಸಣ್ಣದಿರಲಿ, ದೊಡ್ಡದಿರಲಿ, ನನಗೆ ಬಂದ ಸುದ್ದಿಯನ್ನು ಈಗ ಅವರಿಂದ ಮುಚ್ಚಿಡುವುದಿಲ್ಲ. ಅದರಿಂದ ಅವರಿಗೆ ಏನಾದರೂ ಸಮಾಧಾನವಿದೆಯೋ ಇಲ್ಲವೋ ತಿಳಿಯದು.

ಆ ಶುಕ್ರವಾರ ಅವರನ್ನು ಮನೆಗೆ ಮುಟ್ಟಿಸಿದೆ. ಅವರಿಗೆ ಇಳಿಯಲು ಹಿಂದಿನ ಬಾಗಿಲು ಹಿಡಿದು ನಿಂತು, ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದೆ.

"ಎಂಟಕ್ಕೆ ಬಾ" ಎಂದು, ಕೋಲೂರಿಕೊಂಡು ಒಳಗೆ ಹೋದರು.